ಮಾಸ್ತಮ್ಮನ ರಟ್ಟೆಗೆ ಕರೆಂಟಿನ ಶಾಖ

ಹಳದೀಪುರದ ನಮ್ಮ ಕೇರಿಯಲ್ಲಿ ಆ ಕಾಲಕ್ಕೆ ಹುಟ್ಟಿದ ಮಕ್ಕಳೆಲ್ಲ ಮಾಸ್ತಮ್ಮನ ಕಾಲ ಮೇಲೆ ಮಲಗಿ ಮಿಂದವರೇ. ಬಚ್ಚಲ ಕಲ್ಲಿನ ಮೇಲೆ ಅವಳು ಎರಡೂ ಕಾಲು ನೀಡಿ ಕೂತಳೆಂದರೆ ಮಗುವಿಗೆ ಅದೇ ತೊಟ್ಟಿಲು. ಎಡಗೈಯಲ್ಲಿ ಮಗುವಿನ ಎದೆ ಹಿಡಿದು, ಬಲಗೈಯಲ್ಲಿ ತಂಬಿಗೆ ಎತ್ತಿ, ನೀರನ್ನು ಸಣ್ಣಗೆ, ಧಾರೆ ಕಡಿಯದಂತೆ ಬಿಡುತ್ತಿದ್ದಳು. ನೆತ್ತಿ ತಟ್ಟುತ್ತಿದ್ದಳು, ಮೂಗು ತಿದ್ದುತ್ತಿದ್ದಳು. ಅಳುತ್ತ ಬಚ್ಚಲಿಗೆ ಹೋದ ಮಗು ನಿದ್ದೆ ಮಾಡುತ್ತ ಹೊರಗೆ ಬರುತ್ತಿತ್ತು.

ಮಗುವಿಗೆ ಹದವಾದ ನೀರು. ಬಾಳಂತಿಗೆ ಮಾತ್ರ ಹದದ ಮಾತೇ ಇಲ್ಲ. ಹಂಡೆಯಲ್ಲಿ ಕೊತಕೊತ ಕುದಿದ ನೀರು, ಅದರಲ್ಲಿ ಲಕ್ಕಿಸೊಪ್ಪು. ಸೊಂಟಕ್ಕೆ ಬಿಸಿ ಬಿದ್ದಷ್ಟೂ ಒಳಗಿನ ನೋವು ಬಿಡುತ್ತದೆ, ಮೈ ಗಟ್ಟಿಯಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಬಿಸಿ ಎಂದು ಬಾಯಿಬಿಟ್ಟ ಹೆಣ್ಣನ್ನು ಮಾಸ್ತಮ್ಮ ಸುಮ್ಮನೆ ಬಿಡುತ್ತಿರಲಿಲ್ಲ.

"ಎಂತದೇ, ನೀ ಬೆಣ್ಣೆ ಮುದ್ದೆಯ? ಕರಗಿ ಹರ್ದು ಹೋಗ್ತೆ ಅಂತ ಹೆದ್ರಿಕೆಯ? ನಿನ್ನತ್ತೆ ಇದೇ ಕಲ್ಲಮೇಲೆ ಕೂತು ಇದ್ಕಿಂತ ಬಿಸಿ ಹೊಯ್ಸ್ಕಂಡಿದಾಳೆ. ಕಮಕ್ ಅನ್ಲಿಲ್ಲ."

ನನ್ನ ಮೊದಲ ಬಾಳಂತನದಲ್ಲಿ ನನಗೂ ಈ ಮಾತು ಬಿದ್ದಿತ್ತು. ಹಲ್ಲು ಕಚ್ಚಿ ಕೂತಿದ್ದೆ. ಕೊನೆಗೆ ಬೆನ್ನು ತಟ್ಟಿ, "ಗಟ್ಟಿ ಹೆಣ್ಣು" ಅಂದಿದ್ದಳು. ಆ ಒಂದು ಮಾತಿಗಾಗಿ ನಾವೆಲ್ಲ ಬಾಯಿ ಮುಚ್ಚಿಕೊಂಡಿರುತ್ತಿದ್ದೆವು.

ಊರಿನ ಮಕ್ಕಳನ್ನೆಲ್ಲ ಮೀಸಿದವಳಿಗೆ ತನ್ನ ಮಗಳ ಮಗುವನ್ನು ಮೀಸುವ ಕಾಲ ಮಾತ್ರ ಬೇಗ ಬರಲಿಲ್ಲ. ಇದ್ದವಳು ಒಬ್ಬಳೇ ಮಗಳು, ಮಂಜಿ. ಅವಳನ್ನು ಶರಾವತಿ ಹೊಳೆಯಾಚೆ, ಭಟ್ಕಳದ ದಾರಿಯ ಶಿರಾಲಿಗೆ ಕೊಟ್ಟಿದ್ದರು. ಹೊನ್ನಾವರದಲ್ಲಿ ಆಗ ಸೇತುವೆ ಇರಲಿಲ್ಲ. ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕು. ಮಂಜಿ ಹಬ್ಬಕ್ಕೆ ಬಂದಾಗಲೆಲ್ಲ ಮಾಸ್ತಮ್ಮನ ಕಣ್ಣು ಮೊದಲು ಮಗಳ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕೇಳುತ್ತಿರಲಿಲ್ಲ. ಮಗಳು ತಿರುಗಿ ಹೋದ ಮೇಲೆ ನಮ್ಮ ಜಗಲಿಗೆ ಬಂದು ಕೂತು, "ಈ ಸಲನೂ ಇಲ್ಲಾ ತಂಗಿ" ಅನ್ನುತ್ತಿದ್ದಳು. ನಾನು ಅಕ್ಕಿ ಆರಿಸುತ್ತಿದ್ದರೆ ಅವಳೂ ಮೊರಕ್ಕೆ ಕೈ ಹಾಕುತ್ತಿದ್ದಳು.

ಅರವತ್ತರ ದಶಕ ಅರ್ಧಕ್ಕೆ ಬಂದಿರಬೇಕು. ಒಂದು ಮಳೆಗಾಲದಲ್ಲಿ ಅಳಿಯ ಗಣಪ ಬಂದ. ಕೊಡೆ ಮಡಚಿ ಮೂಲೆಗಿಟ್ಟು, ನೆಲ ನೋಡುತ್ತ, "ಅವ್ಳಿಗೆ ಮೀನು ವಾಸ್ನೆ ಆಗೂದಿಲ್ಲ ಅಂತದೆ" ಎಂದ.

ಮಾಸ್ತಮ್ಮನ ಗಂಡ ಈರಪ್ಪನಿಗೆ ತಿಳಿಯಲಿಲ್ಲ. "ಮೀನು ಆಗೂದಿಲ್ಲ ಅಂದ್ರೆ ನಮ್ಮ ಮಗ್ಳೇ ಅಲ್ಲ ಬಿಡು" ಎಂದ. ಮಾಸ್ತಮ್ಮ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಅವತ್ತಿನಿಂದ ಅವಳ ಮಾತೆಲ್ಲ ಒಂದೇ ಕಡೆಗೆ. ಹಳೆಯ ಸೀರೆಗಳನ್ನು ತೊಳೆದು ಮೆತ್ತಗೆ ಮಾಡಿಟ್ಟಳು. ಬಚ್ಚಲ ಕಲ್ಲನ್ನು ಉಜ್ಜಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ.

ಅದೇ ಮಳೆಗಾಲದಲ್ಲಿ ಅವಳ ಬಲರಟ್ಟೆ ಹಿಡಿದುಕೊಂಡಿತು. ಬಿದ್ದದ್ದಿಲ್ಲ, ಪೆಟ್ಟಾದದ್ದಿಲ್ಲ. ಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲವಂತೆ. ಆಮೇಲೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗದಾಯಿತು. ತುಂಬಿದ ತಂಬಿಗೆ ಎತ್ತಿದರೆ ಕೈ ನಡುಗಿ ಚೆಲ್ಲುತ್ತಿತ್ತು. ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾರದಾದಳು. ತೆಂಗಿನಕಾಯಿ ಸುಲಿಯುವ ಕೆಲಸದ ಈರಪ್ಪ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಹೆಂಡತಿಯ ಕೂದಲು ಹಿಡಿದು ಕೂರುತ್ತಿದ್ದ.

"ಸುಮ್ನೆ ಕೂತ್ಕ. ಸಿಪ್ಪೆ ಸುಲ್ದು ಜುಟ್ಟು ಬಿಟ್ಟಂಗೆ ಚಂದ ಮಾಡ್ತೆ ನೋಡು" ಅನ್ನುತ್ತಿದ್ದ.

"ನಿನ್ನ ಕತ್ತಿ ಒಂದು ತರ್ಬೇಡ" ಅಂತ ಇವಳು.

ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಯಾಕೆಂದರೆ ಶಿರಾಲಿಯಿಂದ ಮಾತು ಬಂದಿತ್ತು. ಗಣಪನ ತಾಯಿ ತಿಮ್ಮಿ ಕೆಟ್ಟವಳಲ್ಲ, ಲೆಕ್ಕದವಳು. 'ಹುಡುಗಿಯ ಅಬ್ಬೆಯ ಕೈ ಏಳೂದಿಲ್ಲ ಅಂದ್ರೆ ಅಲ್ಲಿ ಬಾಳಂತಿಯನ್ನು ಮೀಸುವವರು ಯಾರು? ದೀಪಾವಳಿ ಕಳೆದ ಮೇಲೆ ನಾನೇ ಬಂದು ನೋಡುತ್ತೇನೆ. ಕೈ ಸರಿಯಾಗಿದ್ದರೆ ಹುಡುಗಿಯನ್ನು ಕಳಿಸುವುದು. ಇಲ್ಲದಿದ್ದರೆ ಹೆರಿಗೆ ಇಲ್ಲೇ ಆಗಲಿ' ಎಂದು ಹೇಳಿ ಕಳಿಸಿದ್ದಳು. ಬೇರೆಯವರನ್ನು ಕರೆಸಿ ಮೀಸಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಊರಿಗೆಲ್ಲ ಮೀಸುವವಳ ಮನೆಯ ಬಚ್ಚಲಿಗೆ ಯಾರನ್ನು ಕರೆಸುವುದು?

ಶಾಖ ಕೊಡುವುದು ನಮಗೆ ಗೊತ್ತಿದ್ದ ಮದ್ದು. ಉಪ್ಪು ಹುರಿದು ಗಂಟು ಕಟ್ಟಿ ನಾನೇ ಒತ್ತಿದೆ. ಎಕ್ಕದ ಎಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಹಚ್ಚಿದೆವು. ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಒತ್ತುವಾಗ ಹಾಯೆನ್ನಿಸುತ್ತಿತ್ತು. ಗಂಟು ತಣ್ಣಗಾದ ಮೇಲೆ ರಟ್ಟೆ ಮೊದಲಿನ ಹಾಗೆಯೇ.

"ಚರ್ಮ ಬಿಸಿ ಆತದೆ. ನೋವು ಅದ್ರ ಕೆಳ್ಗೆ ಎಲ್ಲೋ ಕೂತ್ಕಂಡದೆ. ಅಲ್ಲಿಗೆ ಹೋಗೂದೇ ಇಲ್ಲ" ಅನ್ನುತ್ತಿದ್ದಳು.

ಕುಮಟೆಯಲ್ಲಿ ಒಬ್ಬ ಡಾಕ್ಟರು ಮುಂಬಯಿಯಿಂದ ಒಂದು ಮಿಷನ್ ತಂದಿದ್ದಾರೆ, ಸೂಜಿ ಇಲ್ಲ, ಕುಯ್ಯುವುದಿಲ್ಲ, ಕರೆಂಟಿನಿಂದಲೇ ಒಳಗಿನ ತನಕ ಶಾಖ ಹೋಗುತ್ತದೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದನ್ನು ಈರಪ್ಪ ಕೇಳಿ ಬಂದ. ನಮ್ಮೂರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಮಾಸ್ತಮ್ಮ ಒಬ್ಬಳೇ ಹೋಗಲು ಹೆದರಿದಳು. ಬಸ್ಸಿನ ಬೋರ್ಡು ಕೂಡಿಸಿ ಕೂಡಿಸಿ ಓದುವಷ್ಟು ನನಗೆ ಬರುತ್ತಿದ್ದರಿಂದ ನಾನು ಜೊತೆಗೆ ಹೋದೆ.

ಮಿಷನ್ ಒಂದು ಕಪಾಟಿನಷ್ಟು ಇತ್ತು. ಅದರಿಂದ ದಪ್ಪ ವಯರಿನ ಎರಡು ತೋಳು ಹೊರಗೆ ಬಂದಿದ್ದವು, ತುದಿಯಲ್ಲಿ ರಬ್ಬರಿನ ಚಪ್ಪಟೆ ಗಾದಿ. ಕುರ್ಚಿ ಮರದ್ದು. ಡಾಕ್ಟರು ಮಾಸ್ತಮ್ಮನ ಕೈಯನ್ನು ಮೆಲ್ಲಗೆ ಎತ್ತಿ, ಹಿಂದಕ್ಕೆ ತಿರುಗಿಸಿ ನೋಡಿದರು. ಹತ್ತಿರದಲ್ಲಿ ಲೋಹ ಇದ್ದರೆ ಶಾಖವೆಲ್ಲ ಅದಕ್ಕೇ ಹತ್ತಿ ಸುಡುತ್ತದೆ, ಕುತ್ತಿಗೆಯದ್ದೂ ಕೈಯದ್ದೂ ತೆಗೆಯಬೇಕು ಎಂದರು. ಅವಳು ಮೊದಲು ನನ್ನ ಸೆರಗಿನಿಂದ ಒಂದು ನೂಲು ಎಳೆದು ನನ್ನಿಂದಲೇ ಕುತ್ತಿಗೆಗೆ ಕಟ್ಟಿಸಿಕೊಂಡು, ಆಮೇಲೆ ಕರಿಮಣಿ ಬಿಚ್ಚಿಸಿದಳು.

"ಇದರಿಂದ ಗುಣ ಆಗ್ತದ್ಯಾ ಡಾಕ್ಟ್ರೆ?"

"ನೋವು ಕಮ್ಮಿ ಆಗ್ತದೆ. ಕೈ ಸ್ವಲ್ಪ ಸಡಿಲ ಆಗ್ತದೆ. ಸಡಿಲ ಆದಾಗ ನೀವು ಗೋಡೆ ಮೇಲೆ ಬೆರಳು ಹತ್ತಿಸ್ತಾ ಹತ್ತಿಸ್ತಾ ಕೈಯನ್ನ ಮೇಲೆ ತಗೊಂಡು ಹೋಗಬೇಕು. ದಿನಾ. ಆ ಕೆಲಸ ಮಿಷನ್ ಮಾಡೋದಿಲ್ಲ."

"ದೀಪಾವಳಿಗೆ ಮುಂಚೆ ಆಗ್ಬೇಕಿತ್ತು."

ಡಾಕ್ಟರು ನಕ್ಕರು. "ಅದಕ್ಕೆ ದೀಪಾವಳಿ ಗೊತ್ತಿಲ್ಲ. ಇನ್ನೊಂದು ಮಾತು, ಸರಿಯಾಗಿ ಕೇಳಿ. ಒಳಗೆ ಎಷ್ಟು ಬಿಸಿ ಆಯ್ತು ಅಂತ ನೋಡೋಕೆ ನನ್ನ ಹತ್ತಿರ ಏನೂ ಇಲ್ಲ. ಜ್ವರದ ಕಡ್ಡಿ ಮಾಂಸದ ಒಳಗೆ ಇಡೋಕಾಗ್ತದ್ಯೇ? ನಿಮಗೆ ಬೆಚ್ಚಗೆ, ಹಿತ ಅನ್ನಿಸಬೇಕು, ಅಷ್ಟೇ. ಬಿಸಿ ಅನ್ನಿಸಿದ ತಕ್ಷಣ ಹೇಳಬೇಕು."

"ಹೇಳ್ತೆ" ಅಂದಳು.

ಗಾದಿಗೂ ಮೈಗೂ ನಡುವೆ ಒಣ ಟವೆಲು ಮಡಚಿಟ್ಟು ಗುಂಡಿ ತಿರುಗಿಸಿದರು. ಮಿಷನ್ ಜೇನಿನ ಹಾಗೆ ಗುಂಯ್ ಅಂದಿತು. ಬೆಂಕಿ ಇಲ್ಲ, ಹೊಗೆ ಇಲ್ಲ. ಮಾಸ್ತಮ್ಮ ಮೊದಲು ಕಣ್ಣು ಪಿಳಿಪಿಳಿ ಮಾಡಿದಳು, ಆಮೇಲೆ ಅವಳ ಮುಖ ಸಡಿಲವಾಯಿತು. ಬಸ್ಸಿನಲ್ಲಿ ಬರುವಾಗ, "ಒಳಗಿಂದ್ಲೇ ಯಾರೋ ಉಸ್ರು ಬಿಟ್ಟಂಗೆ ಆತು ತಂಗಿ" ಎಂದು ಹೇಳಿದಳು.

ಕೆಲವು ದಿನ ಒಳ್ಳೆಯದೇ ಆಯಿತು. ಮಗ್ಗುಲಾಗಿ ನಿದ್ದೆ ಬಂತು. ಮನೆಯ ಮಣ್ಣಿನ ಗೋಡೆಗೆ ಮುಖ ಮಾಡಿ ನಿಂತು ಬೆರಳು ಹತ್ತಿಸುತ್ತಿದ್ದಳು, ಇರುವೆ ಹತ್ತಿದ ಹಾಗೆ. ಒಂದು ದಿನ ಕಿವಿ ಮುಟ್ಟಿದಳು. ಅವತ್ತು ಈರಪ್ಪ, "ಹಂಗಾರೆ ನಾಳೆಯಿಂದ ನನ್ನ ಕೆಲ್ಸ ಹೋತು" ಎಂದ. ಆದರೆ ಕಿವಿಯಿಂದ ಮೇಲೆ ಕೈ ಹೋಗಲೇ ಇಲ್ಲ. ಕೆಲವು ದಿನ ಕುಮಟೆಗೆ ಹೋದರೆ ಕರೆಂಟು ಇರುತ್ತಿರಲಿಲ್ಲ. ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಬಲ್ಬು ಹತ್ತೀತೇ ಎಂದು ಸೂರು ನೋಡಿ, ಬರಿಗೈಯಲ್ಲಿ ತಿರುಗುತ್ತಿದ್ದೆವು. ಬಸ್ಸಿನ ಕಿಟಕಿಯಲ್ಲಿ ಅವಳು ಗದ್ದೆ ನೋಡುತ್ತಿದ್ದಳು. ಪೈರು ಹೊಡೆ ಬಿಟ್ಟಿತ್ತು. "ಮಂಜಿಗೂ ಈಗ ಹೊಟ್ಟೆ ಕಾಣ್ತದೆ ಅಲ್ದಾ" ಎಂದಳು ಒಮ್ಮೆ. ಅವಳನ್ನು ಕಾಣದೆ ತಿಂಗಳುಗಳಾಗಿದ್ದವು.

ದೀಪಾವಳಿ ಮುಂದಿನ ವಾರ ಎನ್ನುವಾಗ ನಾವು ಹೋದ ದಿನ ಡಾಕ್ಟರು ಇರಲಿಲ್ಲ. ಹಿರೇಗುತ್ತಿಯಲ್ಲಿ ಯಾರಿಗೋ ಕಷ್ಟದ ಹೆರಿಗೆಯೆಂದು ಹೋಗಿದ್ದರು. ಕಂಪೌಂಡರ್ ಮಾಬ್ಲ ಮಿಷನ್ ಹಾಕಿದ. ಒಳ್ಳೆಯವನೇ, ಗುಂಡಿ ತಿರುಗಿಸುವ ಮೊದಲು ಪ್ರತಿ ಸಲವೂ ಕೇಳುತ್ತಿದ್ದ.

"ಬೆಚ್ಚಗೆ ಆತ ಅಕ್ಕಾ?"

"ಎಲ್ಲಿ? ಗೊತ್ತೇ ಆಗೂದಿಲ್ಲ."

ಇನ್ನಷ್ಟು ತಿರುಗಿಸಿದ. "ಈಗ?"

"ಹಾಂ, ಈಗ ಶುರು ಆತು. ಇನ್ನೊಂಚೂರು ಇದ್ರೂ ಅಡ್ಡಿಲ್ಲ."

ನಾನು ಎದುರಿನ ಬೆಂಚಿನಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕಾಲ ಬೆರಳುಗಳು ಮಡಚಿಕೊಂಡಿದ್ದವು. ಬಿಸಿನೀರು ಬೆನ್ನಿಗೆ ಬಿದ್ದಾಗ ನಾವೆಲ್ಲ ಹೀಗೆಯೇ ಬೆರಳು ಮಡಚುತ್ತಿದ್ದೆವು.

"ಮಾಸ್ತಕ್ಕ, ಸಾಕಲ. ಹೇಳೇ ಅವ್ನಿಗೆ" ಅಂದೆ.

"ನೀ ಸುಮ್ನಿರು. ನಾನೆಂತ ಬೆಣ್ಣೆ ಮುದ್ದೆಯ?"

ಮಾಬ್ಲ ನಮ್ಮಿಬ್ಬರನ್ನೂ ನೋಡಿದ. "ಎಂತ ಅಕ್ಕಾ, ಬಿಸಿ ಹೆಚ್ಚಾತ?"

"ಇಲ್ಲಾ ತಮ್ಮಾ. ಇವ್ಳಿಗೆ ಬಸ್ಸು ತಪ್ಪೂ ಚಿಂತೆ."

ಅವನು ನಂಬಿದ. ನಂಬದೆ ಏನು ಮಾಡಿಯಾನು? ಅವಳ ಮಾತು ಬಿಟ್ಟರೆ ಅವನಿಗೆ ನೋಡಲು ಬೇರೆ ಏನಿತ್ತು? ಆದರೂ ನಾನು ಎದ್ದು ಹೋಗಿ ಟವೆಲಿನ ತುದಿ ಮುಟ್ಟಿದೆ, ಬೆವರಿನಿಂದ ಒದ್ದೆಯಾಗಿತ್ತು. "ಬಂದ್ ಮಾಡು ತಮ್ಮಾ" ಅಂದೆ. ಅವನು ಗಾಬರಿಯಿಂದ ಗುಂಡಿ ತಿರುಗಿಸಿದ. ಗಾದಿ ತೆಗೆದಾಗ ರಟ್ಟೆಯ ಮೇಲೆ ಹೆಂಚಿನ ಬಣ್ಣದ ಮಚ್ಚೆ ಇತ್ತು. ಮಾಸ್ತಮ್ಮ ಎದ್ದು ನಿಂತು ಕೈ ಎತ್ತಿದಳು. ಅವತ್ತು ಕೈ ಕಿವಿ ದಾಟಿ ನೆತ್ತಿ ಮುಟ್ಟಿತು. ನನ್ನನ್ನು ನೋಡಿ ನಕ್ಕಳು. ಆ ನಗುವನ್ನು ನಾನು ಮರೆತಿಲ್ಲ.

ಮಾರನೆಯ ದಿನ ಬೆಳಿಗ್ಗೆ ಈರಪ್ಪ ನನ್ನನ್ನು ಕರೆದ. ರಟ್ಟೆಯ ಮೇಲೆ ಅಂಗೈಯಗಲ ಬೊಕ್ಕೆ ಎದ್ದಿತ್ತು. ಕೈ ನೆತ್ತಿಗಿರಲಿ, ಎದೆಗೂ ಬರುತ್ತಿರಲಿಲ್ಲ.

ಡಾಕ್ಟರು ಬೈಯುತ್ತಾರೆಂದು ಹೆದರಿಕೊಂಡೇ ಹೋದೆವು. ಅವರು ಬೈಯಲಿಲ್ಲ. ಗಾಯ ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಮಾಬ್ಲ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಅವ್ನಿಗೆ ಎಂತದೂ ಅನ್ಬೇಡಿ. ಅವ್ನು ಕೇಳ್ದಾ. ನಾನೇ ಹೇಳ್ಲಿಲ್ಲ" ಎಂದಳು ಮಾಸ್ತಮ್ಮ.

"ಯಾಕೆ ಹೇಳಲಿಲ್ಲ?"

"ನಾಚ್ಕೆ ಆತು ಡಾಕ್ಟ್ರೆ. ಊರಿನ ಹೆಂಗಸ್ರಿಗೆಲ್ಲ ತಡ್ಕಳಿ ತಡ್ಕಳಿ ಅಂದವ್ಳು ನಾನು. ಮತ್ತೆ, ಬಿಸಿ ಹೆಚ್ಚಾದ್ರೆ ಬೇಗ ಬಿಡ್ತದೆ ಅಂತ."

ಡಾಕ್ಟರು ಕುರ್ಚಿ ಎಳೆದು ಅವಳ ಎದುರಿಗೆ ಕೂತರು. ಇಷ್ಟು ಬಿಸಿಗೆ ನೋವು ಹೋಗುತ್ತದೆ, ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಮಾಂಸವೇ ಬೇಯುತ್ತದೆ, ಎರಡಕ್ಕೂ ನಡುವಿನ ದಾರಿ ಬಹಳ ಸಣ್ಣದು ಎಂದರು. ಬೆವರಿನ ನೀರಿಗೇ ಶಾಖ ಸೇರಿಕೊಂಡು ಸುಟ್ಟಿದೆ ಎಂದರು. ಆಮೇಲೆ, ಮೊದಲೇ ಬಿಡಿಸಿ ಹೇಳಬೇಕಾಗಿತ್ತು ಎಂದು ಇನ್ನೊಂದು ಮಾತು ಹೇಳಿದರು. ಹೀಗೆ ಹಿಡಿದುಕೊಂಡ ರಟ್ಟೆ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ತಾನಾಗಿಯೇ ಬಿಡುತ್ತದೆ. ಮಿಷನ್ ಅದನ್ನು ಅವಸರ ಮಾಡಿಸಲಾರದು, ಕಾಯುವಷ್ಟು ದಿನ ನೋವು ಕಡಿಮೆ ಮಾಡೀತು.

"ಹಂಗಾರೆ ಈ ಬಾಳಂತನಕ್ಕೆ ಆಗೂದಿಲ್ಲ" ಎಂದಳು ಮಾಸ್ತಮ್ಮ.

ಡಾಕ್ಟರು ಇಲ್ಲ ಅನ್ನುವ ಹಾಗೆ ತಲೆಯಾಡಿಸಿದರು.

ತಿಮ್ಮಿ ಹೇಳಿದಂತೆ ದೀಪಾವಳಿ ಕಳೆದು ಬಂದಳು. ಮಾಸ್ತಮ್ಮ ಸೆರಗು ಹೊದ್ದು ಪಟ್ಟಿ ಮುಚ್ಚಿಕೊಂಡಿದ್ದಳು. ಎಡಗೈಯಲ್ಲಿ ಚಾ ಕೊಟ್ಟಳು. ತಿಮ್ಮಿ ಲೋಟ ತೆಗೆದುಕೊಳ್ಳಲಿಲ್ಲ.

"ಎಂತ ಬೀಗ್ತಿ, ಚಾ ಎಡಗೈಲಿ ಕೊಡೂ ಪದ್ಧತಿ ಯಾವಾಗಿಂದ?"

ಮಾಸ್ತಮ್ಮ ಸೆರಗು ಸರಿಸಿ ತೋರಿಸಿದಳು. ತಿಮ್ಮಿ ಎದ್ದು ಬಂದು ಬಾಗಿ ನೋಡಿ, "ಅಯ್ಯೋ ದೇವ್ರೇ" ಎಂದಳು ಮೆಲ್ಲಗೆ. ಚಾ ತೆಗೆದುಕೊಂಡು ಪೂರ್ತಿ ಕುಡಿದಳು.

"ನೀವು ನೋವು ಮಾಡ್ಕಬೇಡಿ. ಹಸಿ ಗಾಯ ಇಟ್ಕಂಡು ಹಸಿ ಮಗು ಮುಟ್ಟೂಕೆ ಆಗೂದಿಲ್ಲ. ನಿಮ್ಗೇ ಗೊತ್ತಿದ್ದದ್ದು, ನಾ ಎಂತ ಹೇಳೂದು?"

"ಹೌದು. ನಾನಾದ್ರೂ ಕಳ್ಸ್ತಿರ್ಲಿಲ್ಲ" ಎಂದಳು ಮಾಸ್ತಮ್ಮ.

ಹೊಳೆಯಾಚೆಯೇ ಹೆರಿಗೆಯಾಯಿತು. ಹೆಣ್ಣು ಮಗು. ಸುದ್ದಿ ಹೇಳಲು ಬೆಲ್ಲದ ಪೊಟ್ಟಣ ಹಿಡಿದು ಬಂದ ಗಣಪನನ್ನು ಮಾಸ್ತಮ್ಮ ಕೂರಲೂ ಬಿಡಲಿಲ್ಲ.

"ಯಾರು ಮೀಸ್ತಾರೆ?"

"ನಮ್ಮ ಅಬ್ಬೆಯೇ."

"ಕಾಲ್ಮೇಲೆ ಹಾಕ್ತಾಳ, ಮಣೆ ಮೇಲಾ?"

"ನಾ ಬಚ್ಚಲಿಗೆ ಹೋಗಿ ನೋಡೂಕಾತದ್ಯೇ ಅತ್ತೆ?"

"ಮೂಗು ತಿದ್ದೂಕೆ ಹೇಳು. ನಿಮ್ಮನೆ ಕಡೆ ಮೂಗು ಬಂದ್ರೆ ಕಷ್ಟ ಅದೆ. ಹೀಂಗೆ, ಎರಡು ಬೆರಳಲ್ಲಿ, ಒತ್ತೂದಲ್ಲ, ನೀವೂದು. ನೋಡು ಇಲ್ಲಿ." ಎಡಗೈಯಿಂದ ಅಳಿಯನ ಮೂಗನ್ನೇ ಹಿಡಿದು ತೋರಿಸಿದಳು. ಗಣಪ ದೊಡ್ಡ ಗಂಡಸು, ಮೀಸೆ ಬಿಟ್ಟವ, ಅಲ್ಲಾಡದೆ ನಿಂತಿದ್ದ. ಈರಪ್ಪ ನಕ್ಕು ನಕ್ಕು ಕೆಮ್ಮತೊಡಗಿದ. ಮಾಸ್ತಮ್ಮ ನಗಲಿಲ್ಲ. ನೀರು ಹೆಚ್ಚು ಬಿಸಿ ಬೇಡವೆಂದು ಹೇಳು, ಬಾಳಂತಿಗೂ ಬೇಡವೆಂದು ಹೇಳು ಎಂದು ಎರಡೆರಡು ಸಲ ಹೇಳಿದಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಒಣ ಕಲ್ಲಿನ ಮೇಲೆ ಕೂತಿದ್ದಳು. ನಾನು ಕಂಡೂ ಕಾಣದಂತೆ ಬಂದೆ.

ಗಾಯ ಮಾಯಲು ಬೇಸಿಗೆಯೇ ಬಂತು. ಶಿರಾಲಿಗೆ ಹೋಗಿ ಮೊಮ್ಮಗಳನ್ನು ನೋಡಿ ಬಂದಳು. ಹೋದಾಗ ಮಗು ಮಿಂದು, ಧೂಪದ ಹೊಗೆ ತೋರಿಸಿಕೊಂಡು ಮಲಗಿತ್ತಂತೆ. ತೊಟ್ಟಿಲ ಹತ್ತಿರ ಕೂತು ನೆತ್ತಿ ಮೂಸಿದಳಂತೆ. ಹೊಳೆ ದಾಟುವ ಕಡೆಯ ದೋಣಿ ತಪ್ಪುತ್ತದೆಂದು ಏಳಬೇಕಾಯಿತು. "ಕುತ್ತಿಗೆ ನಿಂತದೆ ತಂಗಿ. ಇನ್ನು ಅದು ಕಾಲ್ಮೇಲೆ ಮಲಗೂ ಮಗುವಲ್ಲ" ಎಂದಳು ನನಗೆ.

ಡಾಕ್ಟರು ಹೇಳಿದ್ದು ನಿಜವಾಯಿತು. ಮುಂದಿನ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ರಟ್ಟೆ ತಾನಾಗಿಯೇ ಬಿಡತೊಡಗಿತು. ಒಂದು ಬೆಳಿಗ್ಗೆ ತುರುಬು ತಾನೇ ಕಟ್ಟಿಕೊಂಡು ಹೊರಗೆ ಬಂದಳು. ಈರಪ್ಪ ಏನೂ ತಮಾಷೆ ಮಾಡಲಿಲ್ಲ. ಮತ್ತೆ ಊರಿನ ಮಕ್ಕಳನ್ನು ಮೀಸಲು ಹೋದಳು. ಅವಳು ಮೀಸಿದ ಬಾಳಂತಿಯರು ಹೇಳುತ್ತಿದ್ದರು, ಈಗ ಮಾಸ್ತಕ್ಕ ಪ್ರತಿ ತಂಬಿಗೆಗೂ ಬಿಸಿ ಆತ ಎಂದು ಕೇಳುತ್ತಾಳೆ, ಇಲ್ಲಾ ಅಂದರೂ ಮುಖ ನೋಡುತ್ತಾಳೆ ಎಂದು. ಮಂಜಿಗೆ ಮತ್ತೆ ಮಕ್ಕಳಾಗಲಿಲ್ಲ. ಬೇರೆಯವರ ಹಸುಗೂಸು ಕಾಲ ಮೇಲಿದ್ದಾಗ ಕೆಲವು ಸಲ ಮಾಸ್ತಮ್ಮ ನೀರು ಹೊಯ್ಯುವುದನ್ನು ಮರೆತು ಸುಮ್ಮನೆ ಅದನ್ನೇ ನೋಡುತ್ತಿದ್ದಳು.

ಮೊಮ್ಮಗಳು ಅಂಬಾ ಮೂರು ತುಂಬಿ ನಾಲ್ಕರಲ್ಲಿದ್ದಾಗ ಮಂಜಿ ಅವಳನ್ನು ಕರೆದುಕೊಂಡು ಕೆಲವು ದಿನ ಇರಲು ಬಂದಳು. ಮಾಸ್ತಮ್ಮ ಬೆಳಿಗ್ಗೆಯೇ ಹಂಡೆಗೆ ಬೆಂಕಿ ಹಾಕಿದಳು. ಹದ ನೋಡಿ, ತಣ್ಣೀರು ಬೆರೆಸಿ, ಮತ್ತೆ ಹದ ನೋಡಿದಳು. ಕಲ್ಲಿನ ಮೇಲೆ ಕಾಲು ನೀಡಿ ಕೂತು, "ಬಾ ಮಗಾ, ಇಲ್ಲಿ ಮಲಗು. ಅಜ್ಜಿ ಮೀಸ್ತೆ" ಎಂದಳು.

ಹುಡುಗಿ ಆ ಕಾಲುಗಳನ್ನು ನೋಡಿದಳು. ತನ್ನ ಉದ್ದವನ್ನೂ ನೋಡಿಕೊಂಡಳು.

"ನಾ ಎಂತ ಸಣ್ಣ ಬಾಬುವ? ನಾನೇ ಮೀತೆ" ಎಂದು ತಂಬಿಗೆ ಕಸಿದುಕೊಂಡಳು.

"ಅಂಬಾ, ಅಜ್ಜಿಗೆ ಕೊಡು" ಎಂದು ಬಾಗಿಲಲ್ಲಿ ನಿಂತಿದ್ದ ಮಂಜಿ ಗದರಿದಳು.

"ಇರ್ಲಿ ಬಿಡು. ಮೀಯ್ಲಿ" ಎಂದಳು ಮಾಸ್ತಮ್ಮ.

ನೀಡಿದ ಕಾಲನ್ನು ಮಡಚಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಹುಡುಗಿ ಅರ್ಧ ತಂಬಿಗೆ ಮೈಮೇಲೆ, ಅರ್ಧ ಗೋಡೆಗೆ ಹೊಯ್ದುಕೊಂಡು ಮಿಂದಳು. ಬೆನ್ನಿಗೆ ನೀರೇ ಬೀಳಲಿಲ್ಲ. ಹಂಡೆಯ ನೀರು ತಳ ಕಾಣುವ ತನಕ ಮಾಸ್ತಮ್ಮ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು:

"ಕಡೇ ತಂಬಿಗೆ ಒಂದು ನಂಗೆ ಕೊಡ್ತ್ಯಾ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಒಂದೇ" ಎಂದು ಕೊಟ್ಟಳು. ಮಾಸ್ತಮ್ಮ ಎದ್ದು ನಿಂತು, ಬಲಗೈ ಎತ್ತಿ, ಆ ಒಂದು ತಂಬಿಗೆಯನ್ನು ಬಹಳ ಹೊತ್ತು ಹೊಯ್ದಳು.